ಮಿಶನರಿಯ ಹೆಂಡತಿ ಇಡೀ ದಿನ ಎಂತ ಮಾಡ್ತಾಳೆ? ಗೊತ್ತಿದ್ದವರು ಹೇಳಿ

ಚೆರ್ಕಳದ ತಂಗಿ · ಬುಧವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಬೇಜಾರು ಮಾಡ್ಬೇಡಿ.

ನನ್ನ ದೊಡ್ಡಮ್ಮನ ಮಗಳು ಮತ್ತು ಭಾವ ಜಾಂಬಿಯಾಕ್ಕೆ ಹೋಗಿ ಬರುವ ತಿಂಗಳಿಗೆ ಎರಡು ವರ್ಷ. ಮಿಶನ್ ಕೆಲಸ. ಭಾವ ಅಲ್ಲಿನ ಹಳ್ಳಿ ಸಭೆಗಳ ಬೋಧಕರಿಗೆ ಪಾಠ ಮಾಡ್ತಾರೆ. ಅಕ್ಕ ಇಲ್ಲಿ ಹನ್ನೊಂದು ವರ್ಷ ನರ್ಸ್ ಆಗಿದ್ದವಳು, ಕೆಲಸ ಬಿಟ್ಟು ಹೋದದ್ದು. ಮೂರು ತಿಂಗಳಿಗೊಮ್ಮೆ ಅವರ ವರದಿ ನಮ್ಮ ಸಭೆಗೆ ಬರ್ತದೆ, ಆದಿತ್ಯವಾರ ಆರಾಧನೆ ಮುಗಿದ ಮೇಲೆ ಓದ್ತಾರೆ. ಭಾವ ಎಷ್ಟು ಊರಿಗೆ ಹೋದರು, ಎಷ್ಟು ಜನರಿಗೆ ಪಾಠ ಆಯ್ತು, ಯಾವ ರಸ್ತೆ ಮಳೆಗೆ ಕೊಚ್ಚಿ ಹೋಯ್ತು, ಎಲ್ಲ ಉಂಟು ಅದರಲ್ಲಿ. ಅಕ್ಕನ ಬಗ್ಗೆ ಒಂದೇ ಸಾಲು: "ಇವರ ಪತ್ನಿಯೂ ಸೇವೆಯಲ್ಲಿ ಸಹಕರಿಸುತ್ತಿದ್ದಾರೆ." ಈವರೆಗೆ ಏಳು ವರದಿ ಬಂದಿದೆ. ಏಳರಲ್ಲೂ ಅದೇ ಸಾಲು, ಒಂದು ಅಕ್ಷರ ಆಚೀಚೆ ಇಲ್ಲ.

ಊರಲ್ಲೂ ಹಾಗೆಯೇ. ಬಸ್‌ಸ್ಟ್ಯಾಂಡಲ್ಲಿ ಸಿಕ್ಕವರು "ಭಾವನ ಕೆಲಸ ಹೇಗೆ ನಡೀತಾ ಉಂಟು?" ಅಂತ ಕೇಳ್ತಾರೆ. ಅಕ್ಕನ ಮಾತು ಬಂದ್ರೆ, "ಅವಳಿಗೆ ಅಲ್ಲಿ ಹೊತ್ತು ಹೋಗ್ತದಾ?"

ಬರುವ ಆದಿತ್ಯವಾರ ಸ್ತ್ರೀಯರ ಸಂಘದಲ್ಲಿ ಹತ್ತು ನಿಮಿಷ ಮಾತಾಡ್ಲಿಕ್ಕೆ ನನ್ನನ್ನು ಹಾಕಿದ್ದಾರೆ. ಹಿಂದೆ ಜರ್ಮನಿ, ಸ್ವಿಟ್ಜರ್ಲೆಂಡಿನಿಂದ ನಮ್ಮ ಕಡೆಗೆ ಬಂದ ಬಾಸೆಲ್ ಮಿಶನ್ ಗಂಡ-ಹೆಂಡತಿ ಹೇಗೆ ದಿನ ಕಳೀತಿದ್ರು, ಈಗ ಇಲ್ಲಿಂದ ಹೋದವರು ಹೇಗೆ ಕಳೀತಾರೆ, ಎರಡೂ ಹೇಳುವ ಅಂತ ಆಸೆ. ದೊರೆಗಳ ಬಗ್ಗೆ ಬೇಕಾದಷ್ಟು ಸಿಕ್ಕಿತು. ದೊರೆಸಾನಿಯರು ಬೆಳಗ್ಗೆ ಎದ್ದು ಎಂತ ಮಾಡ್ತಿದ್ರು, ಅದೇ ಸಿಕ್ಕುವುದಿಲ್ಲ. ಗೊತ್ತಿದ್ದವರು ತಿಳಿಸಿ.

ಇನ್ನೊಂದು: ಹಲಸಿನ ಹಪ್ಪಳ, ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ), ಮಾಂಬಳ (ಒಣಗಿಸಿದ ಮಾವಿನ ರಸ) ಪಾರ್ಸೆಲ್ ಮಾಡಿದ್ರೆ ಜಾಂಬಿಯಾಕ್ಕೆ ಸರಿಯಾಗಿ ಮುಟ್ತದಾ?

ಉಪ್ಪಳ ಎಕ್ಸ್‌ಪ್ರೆಸ್

ಎಂತ ಮಾಡ್ತಾಳೆ ಅಂದ್ರೆ, ಗಂಡ ಬರೆದ ವರದಿಯಲ್ಲಿ ತನ್ನ ಹೆಸರು ಹುಡುಕ್ತಾ ಕೂರ್ತಾಳೆ.

ನೀರ್ಚಾಲು ಮೇಷ್ಟ್ರು

ಒಳ್ಳೆಯ ಪ್ರಶ್ನೆ. ನಾವು ಶಾಲೆಯಲ್ಲಿ ಮಕ್ಕಳಿಗೆ ಹೇಳಿದ್ದೆಲ್ಲ ಗಂಡಸರ ಕಥೆಯೇ. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಮೂವರು ಮಂಗಳೂರಿಗೆ ಬಂದರು. 1843ರ ಜುಲೈ 1ರಂದು ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಟಿತು. 1894ರಲ್ಲಿ ಕಿಟೆಲ್ ನಿಘಂಟು ಬಂತು. ಈ ಮೂರು ಇಸವಿಯನ್ನು ನಾನು ಮೂವತ್ತು ವರ್ಷ ಪರೀಕ್ಷೆಯಲ್ಲಿ ಕೇಳಿದ್ದೇನೆ. ಒಮ್ಮೆಯೂ ಹೆಂಡಂದಿರ ಹೆಸರು ಕೇಳಲಿಲ್ಲ, ಒಪ್ಪಿಕೊಳ್ಳುತ್ತೇನೆ.

ನನಗೆ ನೆನಪಿರುವಂತೆ ಕಿಟೆಲರ ಪತ್ನಿ ಜೂಲಿ ದ್ಯುಬ್ವಾ. ತಲಶ್ಶೇರಿಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದವರು.

ಮಂಜೇಶ್ವರದ ಪುಸ್ತಕಹುಳ

ಮೇಷ್ಟ್ರೇ, ಕ್ಷಮಿಸಿ, ಅದು ಗುಂಡರ್ಟ್ ಅವರ ಪತ್ನಿ. ಮಲಯಾಳ ನಿಘಂಟಿನ ಹರ್ಮನ್ ಗುಂಡರ್ಟ್. ಜೂಲಿ ಸ್ವಿಟ್ಜರ್ಲೆಂಡಿನ ಫ್ರೆಂಚ್ ಮಾತಾಡುವ ಕಡೆಯವರು. 1836ರಲ್ಲಿ ಗುಂಡರ್ಟ್ ಬಂದ ತಂಡದಲ್ಲೇ ಭಾರತಕ್ಕೆ ಬಂದರು, 1838ರಲ್ಲಿ ಮದುವೆ. ಮೊದಲು ಸ್ವಲ್ಪ ದಿನ ಮಂಗಳೂರು, 1839ರಿಂದ ತಲಶ್ಶೇರಿಯ ಇಲ್ಲಿಕುನ್ನು ಬಂಗಲೆ. ಹೆಣ್ಣುಮಕ್ಕಳ ಶಾಲೆ ಆ ಬಂಗಲೆಯಲ್ಲಿ.

ಕಿಟೆಲರ ಹೆಂಡತಿ ಪೌಲೀನ್ ಐಟ್. 1860ರಲ್ಲಿ ಮದುವೆ, 1864ರಲ್ಲಿ ತೀರಿಕೊಂಡರು. ಆಮೇಲೆ ಕಿಟೆಲ್ ಆಕೆಯ ತಂಗಿಯನ್ನೇ ಮದುವೆಯಾದರು. ಆ ತಂಗಿಯ ಹೆಸರು ಜೂಲಿ.

ಮೋಗ್ಲಿಂಗ್ ಹೆಂಡತಿಯೂ ಪೌಲೀನ್. ಇವರು ವೈಗ್ಲೆ ಎಂಬ ಮಿಶನರಿಯ ವಿಧವೆ. ವೈಗ್ಲೆ ಮೋಗ್ಲಿಂಗರ ಸೋದರಸಂಬಂಧಿ, ಕನ್ನಡ ಬೈಬಲ್ ಅನುವಾದದಲ್ಲಿ ದುಡಿದವರು, 1855ರಲ್ಲಿ ಹೋದರು. ಚಿಕ್ಕ ಮಕ್ಕಳಿದ್ದ ಆ ಮನೆಯನ್ನು ಮೋಗ್ಲಿಂಗ್ ವಹಿಸಿಕೊಂಡರು. 1860ರಲ್ಲಿ ಅವರು ಹಿಂದೆ ಹೋದದ್ದು ಪೌಲೀನ್ ಆರೋಗ್ಯ ಕೆಟ್ಟದ್ದರಿಂದ.

ನೀರ್ಚಾಲು ಮೇಷ್ಟ್ರು

ತಿದ್ದಿದ್ದಕ್ಕೆ ವಂದನೆ. ಆದರೆ ಇಬ್ಬರು ಜೂಲಿ, ಇಬ್ಬರು ಪೌಲೀನ್! ನನ್ನದು ಅರ್ಧ ತಪ್ಪು ಮಾತ್ರ ಎಂದು ದಾಖಲಿಸಿಕೊಳ್ಳಿ. ಕಿಟೆಲರ ಮನೆಯಲ್ಲೂ ಒಬ್ಬ ಜೂಲಿ ಇದ್ದರಲ್ಲ.

ಉಪ್ಪಳ ಎಕ್ಸ್‌ಪ್ರೆಸ್

ಮೇಷ್ಟ್ರಿಗೆ ಅರ್ಧ ಮಾರ್ಕು. ಗ್ರೇಸ್ ಸೇರಿಸಿ ಪಾಸ್.

ಬೇಳ ಕೊಂಕಣಿ

ನಮ್ಮ ಕೆಥೋಲಿಕರಲ್ಲಿ ಈ ತಲೆಬಿಸಿಯೇ ಇಲ್ಲ. ಪಾದ್ರಿಗಳಿಗೆ ಮದುವೆಯೂ ಇಲ್ಲ, ಹೆಂಡತಿ ಹೆಸರು ಮರೆಯುವ ಪ್ರಶ್ನೆಯೂ ಇಲ್ಲ. ನಮ್ಮ ಬೇಳ ಇಗರ್ಜಿ 1890ರದ್ದು, ಅದರ ಲೆಕ್ಕದಲ್ಲಿ ಒಬ್ಬಳೂ ದೊರೆಸಾನಿ ಸಿಗಲಿಕ್ಕಿಲ್ಲ.

ಆದ್ರೆ ಮೋಗ್ಲಿಂಗ್ ವಿಧವೆಯನ್ನು ಮದುವೆಯಾದದ್ದು ನನಗೆ ಹೊಸ ವಿಷಯ.

ಪೆರ್ಲ ಪೋಸ್ಟ್

ಪಾರ್ಸೆಲ್ ವಿಷಯ: ಹಪ್ಪಳ ಒಂದರ ಮೇಲೆ ಒಂದು ಒತ್ತಾಗಿ ಇಟ್ಟು, ಸುತ್ತ ಬಟ್ಟೆ ತುರುಕಿ, ಗಟ್ಟಿ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ. ಸಾಂತಾಣಿಗೆ ಎಂತದೂ ಆಗುವುದಿಲ್ಲ, ಅದನ್ನು ಸುತ್ತಿಗೆಯಲ್ಲಿ ಕುಟ್ಟಿದ್ರೂ ಒಡೆಯುವುದಿಲ್ಲ. ಮಾಂಬಳ ಕಳಿಸುವ ಮೊದಲು ಎರಡು ಬಿಸಿಲು ಜಾಸ್ತಿ ಒಣಗಿಸಿ.

ಚೆರ್ಕಳದ ತಂಗಿ

@ಪುಸ್ತಕಹುಳ, ದೊಡ್ಡ ಉಪಕಾರ ಆಯ್ತು. ಇವರೆಲ್ಲ ಮದುವೆಯಾಗಿಯೇ ಬಂದದ್ದಾ? ನಮ್ಮ ಅಜ್ಜಿ "ದೊರೆಸಾನಿ ಹಡಗಿನಲ್ಲಿ ಒಬ್ಬಳೇ ಬಂದು ಗಂಡನ ಮುಖ ಮೊದಲು ನೋಡಿದ್ದು ಇಲ್ಲೇ" ಅಂತ ಹೇಳ್ತಿದ್ರು. ನಾವು ಅಜ್ಜಿ ಕಥೆ ಕಟ್ತಾ ಇದ್ದಾರೆ ಅಂತ ನಗಾಡ್ತಿದ್ದೆವು.

ಮಂಜೇಶ್ವರದ ಪುಸ್ತಕಹುಳ

ಅಜ್ಜಿ ಹೇಳಿದ್ದು ಸರಿ! ಬಾಸೆಲ್ ಮಿಶನ್‌ನಲ್ಲಿ ಹುಡುಗರು ಒಂಟಿಯಾಗಿಯೇ ಹೊರಡಬೇಕಿತ್ತು. ಕೆಲಸದ ಜಾಗದಲ್ಲಿ ಎರಡು ವರ್ಷ ಕಳೆದ ಮೇಲೆ ಮದುವೆಗೆ ಅನುಮತಿ ಬೇಡಿ ಬಾಸೆಲ್‌ನ ಕಮಿಟಿಗೆ ಅರ್ಜಿ. ಹುಡುಗಿಯನ್ನು ಕಮಿಟಿ ಒಪ್ಪಬೇಕು. ಎಷ್ಟೋ ಸಲ ಹುಡುಕುವುದೂ ಅವರೇ. ಹುಡುಗಿ ಒಪ್ಪಿದರೆ ಪೆಟ್ಟಿಗೆ ಕಟ್ಟಿ ಹಡಗು ಹತ್ತಬೇಕು. ಬಂದಿಳಿದ ಮೇಲೆ ಭೇಟಿ, ಕೆಲವೇ ದಿನದಲ್ಲಿ ಮದುವೆ. 1869ರಲ್ಲಿ ಸುಯೆಜ್ ಕಾಲುವೆ ತೆರೆಯುವ ಮೊದಲು, ಆಫ್ರಿಕಾ ಸುತ್ತಿ ಬರುವ ಹಾಯಿಹಡಗಿನಲ್ಲಿ ಆ ಪ್ರಯಾಣಕ್ಕೆ ತಿಂಗಳುಗಟ್ಟಲೆ.

ಹೆಬಿಕ್ ಮದುವೆಯೇ ಆಗಲಿಲ್ಲ. ಅದೂ ಒಂದು ದಾರಿ.

ನೀರ್ಚಾಲು ಮೇಷ್ಟ್ರು

ನಮ್ಮಲ್ಲಿ ಜಾತಕ ನೋಡುತ್ತಿದ್ದರು, ಅಲ್ಲಿ ಕಮಿಟಿ ನೋಡುತ್ತಿತ್ತು. ನನ್ನ ಅಜ್ಜಿಯೂ ಅಜ್ಜನ ಮುಖ ಮೊದಲು ನೋಡಿದ್ದು ಧಾರೆಯ ದಿನ. ಆದರೆ ಆಕೆ ಬಂದದ್ದು ಏತಡ್ಕದಿಂದ, ಎತ್ತಿನ ಗಾಡಿಯಲ್ಲಿ. ಬೇಸರವಾದರೆ ತವರಿಗೆ ಹೋಗಬಹುದಿತ್ತು. ಅದೇ ವ್ಯತ್ಯಾಸ.

ಸೀದಾಮಾತು

ಎಲ್ಲರೂ ಕಣ್ಣೀರು ಹಾಕುವ ಮೊದಲು ಒಂದು ಪ್ರಶ್ನೆ. ಇವರೆಲ್ಲ ಬಂದದ್ದು ಮತಾಂತರಕ್ಕೆ. ನಿಘಂಟು, ಶಾಲೆ ಎಲ್ಲ ಅದರ ಸಲಕರಣೆ. ಇನ್ನು ಜಾಂಬಿಯಾ ತನ್ನನ್ನು ಕ್ರೈಸ್ತ ರಾಷ್ಟ್ರ ಎಂದು ಸಂವಿಧಾನದಲ್ಲೇ ಬರೆದುಕೊಂಡ ದೇಶ. ಅಲ್ಲಿಗೆ ಇಲ್ಲಿಂದ ಮಿಶನರಿ ಯಾಕೆ? ಎಣ್ಣೆಯ ಗಾಣಕ್ಕೆ ಎಣ್ಣೆ ಹೊತ್ತುಕೊಂಡು ಹೋದ ಹಾಗಾಯ್ತು.

ಉಪ್ಪಳ ಎಕ್ಸ್‌ಪ್ರೆಸ್

ಗಲ್ಫಿನಲ್ಲಿ ಮಸೀದಿ ತುಂಬ ಉಂಟು, ಆದ್ರೂ ಇಲ್ಲಿಂದ ಉಸ್ತಾದರು ಹೋಗ್ತಾರೆ. ಅಮೆರಿಕದ ದೇವಸ್ಥಾನಕ್ಕೆ ಉಡುಪಿಯಿಂದ ಭಟ್ರು ಹೋಗ್ತಾರೆ. ಹೋಗ್ಲಿ ಬಿಡಿ ಮಾರ್ರೆ.

ಸೀದಾಮಾತು

ಭಟ್ರು ಹೋಗುವುದು ಇದ್ದವರಿಗೆ ಪೂಜೆ ಮಾಡಲು. ಹೊಸಬರನ್ನು ಸೇರಿಸಲು ಅಲ್ಲ.

ಚೆರ್ಕಳದ ತಂಗಿ

@ಸೀದಾಮಾತು, ಭಾವನದ್ದೂ ಇದ್ದವರಿಗೆ ಪಾಠ ಮಾಡುವ ಕೆಲಸವೇ. ಬೋಧಕರಾಗಿದ್ದೂ ಓದಲಿಕ್ಕೆ ಅವಕಾಶ ಸಿಗದವರಿಗೆ. ನಿಮ್ಮ ಮೊದಲ ಮಾತಿಗೆ: ನನ್ನ ಮುತ್ತಜ್ಜನ ಅಪ್ಪ ಆ ದೊರೆಗಳ ಕಾಲದಲ್ಲಿ ಸಭೆಗೆ ಸೇರಿದವರು. ನೀವು ಸಲಕರಣೆ ಅಂತೀರಿ, ನಾವು ಮನೆ ಅಂತೇವೆ. ಅದನ್ನು ಇಲ್ಲಿ ತೀರ್ಮಾನ ಮಾಡ್ಲಿಕ್ಕೆ ಆಗುವುದಿಲ್ಲ, ನನ್ನ ಹತ್ತು ನಿಮಿಷದಲ್ಲಂತೂ ಆಗುವುದೇ ಇಲ್ಲ.

ನಿರ್ವಾಹಕ

ಮತಾಂತರದ ಚರ್ಚೆಗೆ ಬೇರೆ ಎಳೆ ಇದೆ, 600 ಉತ್ತರ ಆಗಿ ಬೀಗ ಹಾಕಿದ್ದೇನೆ. ಇಲ್ಲಿ ಮನೆಯೊಳಗಿನ ದಿನಚರಿ. ಆ ಗೆರೆ ದಾಟಿದ ಉತ್ತರ ಅಳಿಸ್ತೇನೆ.

ಕಾಪರ್‌ಬೆಲ್ಟ್ ಕುಂಬಳೆ

ಈ ಎಳೆ ಈಗ ಕಣ್ಣಿಗೆ ಬಿತ್ತು. ನಾನು ಜಾಂಬಿಯಾದ ತಾಮ್ರದ ಗಣಿ ಪ್ರದೇಶದಲ್ಲಿ ಆರು ವರ್ಷ ಲೆಕ್ಕಪತ್ರದ ಕೆಲಸದಲ್ಲಿದ್ದೆ. ಮಿಶನರಿ ಅಲ್ಲ, ಕುಂಬಳೆಯ ಬಡಪಾಯಿ. ಆದರೆ ನಮ್ಮ ಪಕ್ಕದ ಮನೆಯಲ್ಲಿ ಕೇರಳದ ಒಂದು ಮಿಶನರಿ ಜೋಡಿ ಇತ್ತು, ಹಾಗಾಗಿ ಬೇಲಿಯ ಮೇಲಿಂದ ನೋಡಿದ್ದು ಹೇಳ್ತೇನೆ.

ಮೊದಲು ಊಟ. ಅಲ್ಲಿ ಶಿಮಾ ಅಂತ, ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಘಟ್ಟದ ಮೇಲಿನವರಿಗೆ ರಾಗಿ ಮುದ್ದೆ ಇದ್ದ ಹಾಗೆ, ಬಣ್ಣ ಮಾತ್ರ ಬಿಳಿ. ಹಿಟ್ಟು 25 ಕಿಲೋ ಚೀಲದಲ್ಲಿ ತರುವುದು. ಜೊತೆಗೆ ಸೊಪ್ಪಿಗೆ ನೆಲಗಡಲೆ ಪುಡಿ ಹಾಕಿ ಬೇಯಿಸಿದ ಪಲ್ಯ, ಇಲ್ಲದಿದ್ರೆ ಕಪೆಂಟಾ. ಕಪೆಂಟಾ ಅಂದ್ರೆ ಕೆರೆಯ ಸಣ್ಣ ಒಣ ಮೀನು, ನಮ್ಮ ಒಣ ಬೊಳಿಂಜಿರ್ ಇದ್ದ ಹಾಗೆಯೇ. ಮೊದಲ ಸಲ ಸಂತೆಯಲ್ಲಿ ಅದರ ವಾಸನೆ ಬಂದಾಗ ನಾನು ಕುಂಬಳೆ ಮೀನು ಮಾರ್ಕೆಟಿಗೆ ಬಂದೆನಾ ಅಂತ ತಿರುಗಿ ನೋಡಿದ್ದೆ.

ಭಾಷೆ ಬೆಂಬಾ. ಅದರಲ್ಲಿ ಗೌರವಕ್ಕೆ ಬಹುವಚನ, ನಮ್ಮ ಹಾಗೆ! ಹೆಸರಿನ ಮುಂದೆ 'ಬಾ' ಸೇರಿಸಬೇಕು. ಮಕ್ಕಳಾದ ಹೆಂಗಸನ್ನು ಹೆಸರಿಡಿದು ಕರೆಯುವುದು ಕಮ್ಮಿ, ಮಗುವಿನ ಹೆಸರಿಗೆ 'ಬಾನಾ' ಸೇರಿಸಿ ಇಂಥವನ ಅಮ್ಮ ಅಂತ ಕರೀತಾರೆ. ಗಂಡಸಿಗೆ 'ಬಾಶಿ'. ದಾರಿಯಲ್ಲಿ ಸಿಕ್ಕವರಿಗೆ "ಮುಲಿಶಾನಿ" ಅನ್ನದೆ ಮುಂದೆ ಹೋದ್ರೆ ಮರ್ಯಾದೆ ಇಲ್ಲದವನು ಅಂತ ಲೆಕ್ಕ.

ಕರೆಂಟ್ ವಿಷಯ ಕೇಳ್ಬೇಡಿ. ದೇಶದ ಹೆಚ್ಚಿನ ವಿದ್ಯುತ್ತು ನೀರಿನದ್ದು, ಕರೀಬಾ ಅಣೆಕಟ್ಟಿನದ್ದೇ ದೊಡ್ಡ ಪಾಲು. 2024ರ ಬರದಲ್ಲಿ ಅದು ಬತ್ತಿದಾಗ ದಿನಕ್ಕೆ ಮೂರು ಗಂಟೆ ಕರೆಂಟ್ ಬಂದ್ರೆ ಪುಣ್ಯ, ಅದೂ ನಡುರಾತ್ರಿ. ನಮ್ಮ ಪಕ್ಕದ ಮನೆ ಚೇಚಿ ರಾತ್ರಿ ಒಂದು ಗಂಟೆಗೆ ಎದ್ದು ಇಸ್ತ್ರಿ ಹಾಕಿ, ಅನ್ನ ಬೇಯಿಸಿ, ನೀರು ಪಂಪ್ ಮಾಡಿ ಮಲಗ್ತಿದ್ರು. ಹಗಲು ಇದ್ದಿಲ ಒಲೆ, ಎಂಬೌಲಾ ಅಂತ ಹೆಸರು. ಗಂಡ ಬೆಳಗ್ಗೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಪಾಠಕ್ಕೆ ಹೋಗ್ತಿದ್ರು. ವರದಿಯಲ್ಲಿ ಅಂಗಿಯ ಸುದ್ದಿ ಬರಲಿಕ್ಕಿಲ್ಲ.

ಓಡಿನ ಮನೆ

ಹಂಚು ಹಾಕಿದ ಮನೆಯವನು ನಾನು, ಒಂದು ಮಾತು ಸೇರಿಸುವೆ. ನಮ್ಮ ಅಜ್ಜನ ಮನೆ ಮಾಡಿನ ಹಂಚಿನಲ್ಲಿ ಬಾಸೆಲ್ ಮಿಶನ್ 1865 ಅಂತ ಅಚ್ಚು ಉಂಟು. ನೂರ ಅರುವತ್ತು ವರ್ಷದ ಹಂಚು, ಇನ್ನೂ ಒಂದು ತೊಟ್ಟು ಸೋರುವುದಿಲ್ಲ.

ಮಂಜೇಶ್ವರದ ಪುಸ್ತಕಹುಳ

1865 ಆ ಹಂಚಿನ ವಯಸ್ಸಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಮಿಶನ್‌ನ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಆಮೇಲೆ ದಶಕಗಟ್ಟಲೆ ಮಾಡಿದ ಹಂಚಿನ ಮೇಲೂ ಅದೇ ಇಸವಿ ಒತ್ತಿದ್ದಾರೆ. ನಿಮ್ಮದು 1910ರದ್ದೂ ಇರಬಹುದು.

ಓಡಿನ ಮನೆ

ನೀವು ನಮ್ಮ ಮನೆಯ ವಯಸ್ಸು ನಲವತ್ತೈದು ವರ್ಷ ಕಮ್ಮಿ ಮಾಡಿದ್ರಿ. ಅಪ್ಪನಿಗೆ ಹೇಳುವುದಿಲ್ಲ.

ಬೇಳ ಕೊಂಕಣಿ

ದೊರೆಸಾನಿಯರ ಮಕ್ಕಳು ಎಂತ ಮಾಡ್ತಿದ್ರು? ಇಲ್ಲಿನ ಶಾಲೆಗೇ ಹೋಗ್ತಿದ್ರಾ? ಕಾಸರಗೋಡಿನಲ್ಲಿ ಅವರದ್ದೇ ಬಿಇಎಂ (ಬಾಸೆಲ್ ಇವಾಂಜೆಲಿಕಲ್ ಮಿಶನ್) ಶಾಲೆ ಉಂಟಲ್ಲ.

ಮಂಜೇಶ್ವರದ ಪುಸ್ತಕಹುಳ

ಇದೇ ನನಗೆ ಓದಿ ನಿದ್ದೆ ಬಾರದ ಭಾಗ. ಅವರ ಶಾಲೆಗಳು ನಮ್ಮ ಮಕ್ಕಳಿಗಾಗಿ. ಅವರ ಮಕ್ಕಳನ್ನು ಆರೇಳು ವರ್ಷಕ್ಕೆ ಯುರೋಪಿಗೆ ಕಳಿಸಿಬಿಡುತ್ತಿದ್ದರು. ಜ್ವರದ ಭಯ ಒಂದು, 'ಇಲ್ಲಿಯವರ ಹಾಗೆ' ಬೆಳೆದಾರು ಎಂಬ ಭಯ ಇನ್ನೊಂದು. 1853ರಲ್ಲಿ ಮಿಶನ್‌ನವರು ಇದಕ್ಕೆಂದೇ ಬಾಸೆಲ್‌ನಲ್ಲಿ ಮಕ್ಕಳ ಮನೆ ತೆರೆದರು. ಅದಕ್ಕೆ ಮೊದಲು ನೆಂಟರ ಮನೆ.

ಗುಂಡರ್ಟ್-ಜೂಲಿ ಅವರ ಮಗಳು ಮರಿ. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ್ದು. 1846ರಲ್ಲಿ ಯುರೋಪಿಗೆ. ತಿರುಗಿ ಅಪ್ಪ-ಅಮ್ಮನನ್ನು ಕಂಡದ್ದು 1857ರಲ್ಲಿ, ಹದಿನೈದು ವರ್ಷದವಳಾಗಿ. ಹನ್ನೊಂದು ವರ್ಷ. ಆ ಹೊತ್ತಿನಲ್ಲಿ ಜೂಲಿ ಊರಿನ ಹೆಣ್ಣುಮಕ್ಕಳಿಗೆ ತಲೆ ಬಾಚಿ, ಹೊಲಿಗೆ ಕಲಿಸಿ, ಓದು ಹೇಳಿಕೊಡುತ್ತಿದ್ದರು.

ಮರಿ ಮುಂದೆ ಮಿಶನರಿಯನ್ನೇ ಮದುವೆಯಾಗಿ, ಆತ ತೀರಿಕೊಂಡ ಮೇಲೆ ಯೊಹಾನೆಸ್ ಹೆಸ್ಸೆ ಎಂಬವರನ್ನು ಮದುವೆಯಾದರು. ಈ ಹೆಸ್ಸೆಯೂ 1869ರಿಂದ 1873ರವರೆಗೆ ಮಂಗಳೂರಲ್ಲಿದ್ದ ಮಿಶನರಿ. ಇವರ ಮಗ 1946ರಲ್ಲಿ ನೊಬೆಲ್ ಪಡೆದ ಹರ್ಮನ್ ಹೆಸ್ಸೆ.

ನೀರ್ಚಾಲು ಮೇಷ್ಟ್ರು

ಹೆಸ್ಸೆಯ ಅಮ್ಮ ಹುಟ್ಟಿದ್ದು ತಲಶ್ಶೇರಿಯಲ್ಲಿ ಎಂಬುದನ್ನು ನಾನು ಇಷ್ಟು ವರ್ಷ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೇನೆ. ನಾಲ್ಕು ವರ್ಷ ತುಂಬುವ ಮೊದಲು ಕಳಿಸಿದ್ದು ಗೊತ್ತಿರಲಿಲ್ಲ.

ಸೀದಾಮಾತು

ಇದನ್ನು ಮಾತ್ರ ಒಪ್ಪಿದೆ. ಸ್ವಂತ ಮಗುವನ್ನು ಕಳಿಸಿ ಬೇರೆಯವರ ಮಕ್ಕಳಿಗೆ ಶಾಲೆ. ಯಾವ ಧರ್ಮದವರಾದರೂ ಸರಿ, ಕಷ್ಟ.

ಬೇಳ ಕೊಂಕಣಿ

ಕಷ್ಟವೋ ತಪ್ಪೋ? ನನಗೆ ತಪ್ಪು ಅಂತಲೇ ಕಾಣ್ತದೆ. ಆ ಮಗು ಎಂತ ಪಾಪ ಮಾಡಿತ್ತು?

ಕಾಪರ್‌ಬೆಲ್ಟ್ ಕುಂಬಳೆ

ನಮ್ಮ ಗಲ್ಫ್ ಮನೆಗಳನ್ನು ನೋಡಿ ಮಾತಾಡಿ. ಮಗು ಅಜ್ಜಿ ಹತ್ರ, ಅಪ್ಪ-ಅಮ್ಮ ದುಬೈಯಲ್ಲಿ. ನಾನೇ ಮಗಳ ಎಸ್ಸೆಸ್ಸೆಲ್ಸಿವರೆಗೆ ವರ್ಷಕ್ಕೆ ಒಂದು ತಿಂಗಳ ಅಪ್ಪ.

ಅಂದ ಹಾಗೆ ಜಾಂಬಿಯಾದಲ್ಲಿ ಲಿವಿಂಗ್‌ಸ್ಟನ್ ಎಂಬ ಹಳೆಯ ಕಾಲದ ಮಿಶನರಿಯ ಹೆಸರಿನ ಊರು ಈಗಲೂ ಉಂಟು. 1873ರಲ್ಲಿ ಅವರು ಸತ್ತದ್ದು ಆ ದೇಶದಲ್ಲೇ, ಹೃದಯವನ್ನು ಅಲ್ಲೇ ಹೂತಿದ್ದಾರೆ. ಹೆಂಡತಿ ಮೇರಿ 1862ರಲ್ಲಿ ಜಾಂಬೆಜಿ ನದಿಯ ದಡದಲ್ಲಿ ಜ್ವರಕ್ಕೆ ಹೋದದ್ದು, ಈಗಿನ ಮೊಜಾಂಬಿಕ್‌ನಲ್ಲಿ. ಅವರ ಸಮಾಧಿಯೂ ಅಲ್ಲೇ. ಆರು ವರ್ಷ ಇದ್ದ ನಾನು ಗಂಡನ ಊರಿಗೆ ನಾಲ್ಕು ಸಲ ಟೂರ್ ಹೋದೆ. ಹೆಂಡತಿಯೂ ಇದ್ದಳು ಅಂತ ಗೊತ್ತಾದದ್ದೇ ಊರಿಗೆ ಬಂದ ಮೇಲೆ.

ತೊಕ್ಕೊಟ್ಟು ಅಮ್ಮ

ಮೂರು ದಿನದಿಂದ ಓದ್ತಾ ಇದ್ದೇನೆ, ಬರೆಯುವುದೋ ಬೇಡವೋ ಅಂತ ಇತ್ತು. ನಾನು ಸಭಾಪಾಲಕರ ಹೆಂಡತಿ. ಮೂವತ್ತೊಂದು ವರ್ಷ. ಅದರಲ್ಲಿ ನಾಲ್ಕು ವರ್ಷ ಹೊರದೇಶ. ಎಲ್ಲಿ ಅಂತ ಹೇಳುವುದಿಲ್ಲ, ಹೇಳಿದ್ರೆ ನಾನು ಯಾರು ಅಂತ ಗೊತ್ತಾಗ್ತದೆ.

ತಂಗೀ, ನಿನ್ನ ಅಕ್ಕ ಇಡೀ ದಿನ ಎಂತ ಮಾಡ್ತಾಳೆ ಅಂತ ನಾನು ಹೇಳ್ತೇನೆ. ಬಾಗಿಲು ತೆರೀತಾಳೆ. ಅಷ್ಟೇ. ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಯಾರೋ ಬಾಗಿಲು ಬಡೀತಾರೆ. ಅಯ್ಯನವರು ಇದ್ದಾರಾ ಅಂತ ಕೇಳ್ತಾರೆ. ಇಲ್ಲ ಅಂದ್ರೆ ಹೋಗುವುದಿಲ್ಲ, ಕೂತ್ಕೊಳ್ತಾರೆ. ಬಂದ ವಿಷಯ ಅಯ್ಯನವರಿಗೆ ಹೇಳುವಂಥದ್ದೇ ಅಲ್ಲ, ನಮಗೆ ಹೇಳುವಂಥದ್ದು. ಮಗಳು ಮನೆಗೆ ಬರಲಿಲ್ಲ, ಗಂಡ ಹೊಡೆದ, ಫೀಸಿಗೆ ದುಡ್ಡಿಲ್ಲ. ಚಾ ಇಡಬೇಕು. ಚಾ ಇಟ್ಟು ಇಟ್ಟು ನನಗೆ ಯಾವ ಸಕ್ಕರೆ ಎಷ್ಟು ದಿನ ಬರ್ತದೆ ಅಂತ ಕಣ್ಣಳತೆಯಲ್ಲಿ ಗೊತ್ತಾಗ್ತದೆ. ಹೊರದೇಶದಲ್ಲಿ ಇದೇ ಕೆಲಸ, ಭಾಷೆ ಬಾರದೆ. ಮೊದಲ ಆರು ತಿಂಗಳು ನಾನು ತಲೆ ಆಡಿಸಿ ಆಡಿಸಿ ಕುತ್ತಿಗೆ ನೋವು ಬರಿಸಿಕೊಂಡಿದ್ದೆ. ಒಮ್ಮೆ ಒಬ್ಬಳು ಅಳುತ್ತಾ ಏನೋ ಹೇಳಿದಳು, ನಾನು ನಗುತ್ತಾ "ಒಳ್ಳೆಯದು" ಅಂದೆ. ಅವಳ ಅಮ್ಮ ತೀರಿಕೊಂಡಿದ್ದರು. ಅದು ಈಗಲೂ ರಾತ್ರಿ ನೆನಪಾಗ್ತದೆ.

ಸಂಬಳ ಒಂದು, ಆಳು ಎರಡು. ಕರೆಯುವಾಗ "ನೀವು ಜೋಡಿಯಾಗಿ ಬರಬೇಕು" ಅಂತ ಕರೀತಾರೆ. ನಾನು ಒಮ್ಮೆ ಮೀಟಿಂಗಿನಲ್ಲಿ ಒಂದು ಖರ್ಚಿನ ಬಗ್ಗೆ ಮಾತಾಡಿದ್ದಕ್ಕೆ "ಅಮ್ಮ, ನೀವು ಕಮಿಟಿಯಲ್ಲಿ ಇಲ್ಲವಲ್ಲ" ಅಂತ ಒಬ್ಬರು ಮೆತ್ತಗೆ ಹೇಳಿದ್ರು. ಆ ಖರ್ಚಿನ ಲೆಕ್ಕ ಬರೆದಿಟ್ಟದ್ದು ನಾನು. ಚಾ ಕೊಟ್ಟದ್ದೂ ನಾನು.

ಹಾಗಂತ ನನಗೆ ದುಃಖ ಮಾತ್ರ ಇತ್ತು ಅಂತ ಬರ್ಕೊಳ್ಬೇಡ. ಆ ನಾಲ್ಕು ವರ್ಷ ನಾನು ಚೆನ್ನಾಗಿದ್ದೆ. ಅಲ್ಲಿ ನನಗೆ ಅತ್ತೆ ಇರಲಿಲ್ಲ!

ಉಪ್ಪಳ ಎಕ್ಸ್‌ಪ್ರೆಸ್

ಅಮ್ಮಾ, ಕೊನೆಯ ಸಾಲಿಗೆ ಎದ್ದು ನಿಂತು ಚಪ್ಪಾಳೆ.

ಪೆರ್ಲ ಪೋಸ್ಟ್

ತೊಕ್ಕೊಟ್ಟು ಅಮ್ಮನವರ ಉತ್ತರವನ್ನೇ ಆದಿತ್ಯವಾರ ಓದಿಬಿಡಿ, ಹತ್ತು ನಿಮಿಷ ಆಗ್ತದೆ.

ತೊಕ್ಕೊಟ್ಟು ಅಮ್ಮ

ಓದಿದ್ರೆ ಅತ್ತೆಯ ಸಾಲು ಬಿಡು. ನಿಮ್ಮ ಸಂಘಕ್ಕೂ ನಮ್ಮ ಸಂಘಕ್ಕೂ ಓಡಾಟ ಉಂಟು.

ನೀರ್ಚಾಲು ಮೇಷ್ಟ್ರು

ಒಂದು ಅನುಮಾನ. ದೊರೆಗಳಿಗೆ ಭಾಷೆ ಕಲಿಸಲು ಮುನ್ಷಿ ಇದ್ದರು. ಮಂಗಳೂರಲ್ಲಿ ಕನ್ನಡ, ತುಳು ಎರಡೂ ಬೇಕಿತ್ತು. ಗ್ರೈನರ್ ಮತ್ತು ಅಮ್ಮನ್ 1847ರಲ್ಲೇ ತುಳುವಿನಲ್ಲಿ ಹೊಸ ಒಡಂಬಡಿಕೆ ತಂದರು. ಹೆಂಡಂದಿರಿಗೆ ಯಾರು ಕಲಿಸಿದರು? ಅಡುಗೆಯವನು, ಆಯಾ, ಬಟ್ಟೆ ಒಗೆಯುವವಳು. ಹಾಗಾದರೆ ಬೀದಿಯ ತುಳು ದೊರೆಗಿಂತ ದೊರೆಸಾನಿಗೇ ಚೆನ್ನಾಗಿ ಬಂದಿರಬೇಕಲ್ಲವೇ? ದೊರೆಯ ತುಳು ಸತ್ಯವೇದದ ತುಳು, ದೊರೆಸಾನಿಯದು ಬಾವಿಕಟ್ಟೆಯ ತುಳು. ಇದು ನನ್ನ ಊಹೆ, ಪುಸ್ತಕಹುಳ ತಿದ್ದಲಿ.

ಮಂಜೇಶ್ವರದ ಪುಸ್ತಕಹುಳ

ತಿದ್ದಲು ನನ್ನಲ್ಲಿ ಏನೂ ಇಲ್ಲ, ಊಹೆ ಚೆನ್ನಾಗಿದೆ. ಗುಂಡರ್ಟ್ ದಿನಚರಿ ಬರೆದಿಟ್ಟವರು, ಜೂಲಿಯ ಕಾಗದಗಳೂ ಉಳಿದಿವೆ. ಬಾಸೆಲ್‌ನ ದಾಖಲೆ ಸಂಗ್ರಹ ಈಗ 'ಮಿಶನ್ 21' ಸಂಸ್ಥೆಯ ಕೈಯಲ್ಲಿದೆ, ಹಳೆಯ ಫೋಟೋಗಳನ್ನು ಅಂತರ್ಜಾಲದಲ್ಲೇ ನೋಡಬಹುದು. ಜರ್ಮನ್ ಬರುವವರು ಯಾರಾದರೂ ಕಾಸರಗೋಡಿನಲ್ಲಿ ಕೂತು ಓದಿದರೆ ಮೇಷ್ಟ್ರ ಪ್ರಶ್ನೆಗೆ ಉತ್ತರ ಸಿಕ್ಕೀತು.

ಇನ್ನೊಂದು ದಿನಚರಿ ವಿಷಯ: ಬೇಸಿಗೆ ತಾಳಲಾರದವರು, ಕಾಯಿಲೆ ಬಿದ್ದವರು ನೀಲಗಿರಿಯ ಕೇತಿಗೆ ಹೋಗುತ್ತಿದ್ದರು. ಕಾಸಮೇಜರ್ ಎಂಬ ಇಂಗ್ಲಿಷ್ ಅಧಿಕಾರಿಯ ಕೊಡುಗೆಯಿಂದ ಮಿಶನ್‌ಗೆ ಅಲ್ಲಿ ನೆಲೆ ಸಿಕ್ಕಿತ್ತು.

ಓಡಿನ ಮನೆ

ಅವರು ಇಲ್ಲಿ ಬಂದು ನಮ್ಮ ಮೂರು ಭಾಷೆ ಕಲಿತರು. ನಮ್ಮ ಮಕ್ಕಳಿಗೆ ಕಾಸರಗೋಡಿನಲ್ಲಿ ಕನ್ನಡ ಟೀಚರ್ ಸಿಗ್ಲಿಕ್ಕೆ ಧರಣಿ ಕೂರ್ಬೇಕು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇದೇ ಕಥೆ.

ಕಾಪರ್‌ಬೆಲ್ಟ್ ಕುಂಬಳೆ

ಮಲಯಾಳ ಕಲಿತ್ರೆ ಎಂತ ನಷ್ಟ? ನಾನು ಬೆಂಬಾ ಕಲೀಲಿಲ್ವಾ?

ಓಡಿನ ಮನೆ

ನೀವು ಬೆಂಬಾ ಕಲಿತದ್ದು ಕನ್ನಡ ಬಿಟ್ಟು ಅಲ್ಲ. ಕಲಿಯುವುದು ಬೇರೆ, ಇದ್ದದ್ದನ್ನು ಕಳ್ಕೊಳ್ಳುವುದು ಬೇರೆ.

ನಿರ್ವಾಹಕ

ಕಾಸರಗೋಡು ವಿಲೀನಕ್ಕೆ ಹನ್ನೆರಡು ಎಳೆ ಇದೆ. ದಯವಿಟ್ಟು ಹದಿಮೂರನೆಯದು ಬೇಡ.

ಚೆರ್ಕಳದ ತಂಗಿ · ಶನಿವಾರ ರಾತ್ರಿ 11:15

ಅಕ್ಕನಿಗೆ ಈ ಎಳೆಯ ವಿಷಯ ಹೇಳಿದೆ. ಅಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಸಂಜೆ ಅವಳೇ ಹನ್ನೆರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದಳು. ಅವಳ ಒಪ್ಪಿಗೆ ತೆಗೆದೇ ಬರೀತಾ ಇದ್ದೇನೆ.

ಅವಳಿಗೆ ಸಿಕ್ಕಿದ್ದು ಹೆಂಡತಿಯ ಪರ್ಮಿಟ್. ಸಂಬಳದ ಕೆಲಸ ಮಾಡುವ ಹಾಗಿಲ್ಲ. ಹಾಗಾಗಿ ನರ್ಸ್ ಆದರೂ ಸೂಜಿ ಮುಟ್ಟುವುದಿಲ್ಲ, ಮಾತ್ರೆ ಕೊಡುವುದಿಲ್ಲ. ಆದರೆ ಅವಳು ನರ್ಸ್ ಅಂತ ಊರಿಗೆಲ್ಲ ಗೊತ್ತು. ಮಗುವಿಗೆ ಜ್ವರ ಅಂತ ಬೆಳಗ್ಗೆ ಐದಕ್ಕೆ ಬರ್ತಾರೆ. ಹಣೆ ಮುಟ್ಟಿ ನೋಡಿ, ಮಲೇರಿಯಾ ಇರಬಹುದು ಅಂತ ಕಂಡ್ರೆ ತಾನೇ ಜೊತೆಗೆ ಕ್ಲಿನಿಕ್‌ಗೆ ಹೋಗಿ ಕ್ಯೂನಲ್ಲಿ ನಿಲ್ತಾಳೆ. ಅವಳ ಮಾತಿನಲ್ಲೇ ಹೇಳ್ತೇನೆ: "ಹನ್ನೊಂದು ವರ್ಷ ಕ್ಯೂನ ಈಚೆ ಕೂತಿದ್ದೆ. ಆಚೆ ಎಷ್ಟು ಕಾಲು ನೋಯ್ತದೆ ಅಂತ ಈಗ ಗೊತ್ತಾಯ್ತು."

ಆರು ವರ್ಷದ ಮಗನಿಗೆ ಮನೆಯಲ್ಲೇ ಕನ್ನಡ. ದಿನಕ್ಕೆ ಒಂದು ಪುಟ ಕಾಪಿ. ಅವನು "ಅರಸ"ದ 'ಅ' ಅನ್ನುವಾಗ "ಅರಸ ಅಂದ್ರೆ ಎಂತಮ್ಮ, ಚೀಫಾ?" ಅಂತ ಕೇಳ್ತಾನಂತೆ. ಅಲ್ಲಿ ಹಳ್ಳಿ ಕಡೆ ಚೀಫ್ ಇರ್ತಾರಲ್ಲ.

ಹೆಚ್ಚು ಹೊತ್ತು ಹೋಗುವುದು ಎಲ್ಲಿ ಅಂತ ಕೇಳಿದೆ. ಸಾವಿನ ಮನೆಯಲ್ಲಿ ಅಂದಳು. ಅಲ್ಲಿ ಯಾರಾದ್ರೂ ತೀರಿಕೊಂಡ್ರೆ ಹೆಂಗಸರೆಲ್ಲ ಒಳಗೆ ನೆಲದ ಮೇಲೆ ಕೂರ್ತಾರೆ, ಗಂಡಸರು ಹೊರಗೆ ಬೆಂಕಿ ಸುತ್ತ. ರಾತ್ರಿಯಿಡೀ ಹಾಡು. ಸೊಂಟಕ್ಕೆ ಚಿತೆಂಗೆ ಅಂತ ಬಣ್ಣದ ಬಟ್ಟೆ ಸುತ್ತಿಕೊಂಡೇ ಹೋಗಬೇಕು, ನಮ್ಮ ಮುಂಡಿನ ಹಾಗೆ. ಭಾವ ಹೋಗಿ ಪ್ರಾರ್ಥನೆ ಮಾಡಿ ಒಂದು ಗಂಟೆಯಲ್ಲಿ ಬರ್ತಾರೆ. ಅಕ್ಕ ಬರುವ ಹಾಗಿಲ್ಲ, ಹೆಂಗಸರು ಅರ್ಧಕ್ಕೆ ಎದ್ದು ಬರುವ ಕ್ರಮ ಇಲ್ಲ. "ಭಾಷೆ ಅರ್ಧ ಬರ್ತದೆ, ಆದ್ರೆ ಅಲ್ಲಿ ಭಾಷೆ ಬೇಡ. ಕಾಲು ಮಡಚಿ ಕೂತ್ರೆ ಆಯ್ತು. ಮೊದಲ ಸಲ ರಾತ್ರಿಯಿಡೀ ಕೂತು ಬಂದ ಮರುದಿನದಿಂದ ಸಂತೆಯಲ್ಲಿ ನನ್ನನ್ನು ಮೇಡಂ ಅನ್ನುವುದು ಬಿಟ್ರು. ಮಗನ ಹೆಸರಿಗೆ ಬಾನಾ ಸೇರಿಸಿ ಕರೆದ್ರು."

ಆಮೇಲೆ ವರದಿಯ ವಿಷಯ ಎತ್ತಿದೆ. "ಅಕ್ಕ, ನಿನ್ನ ಬಗ್ಗೆ ಒಂದೇ ಸಾಲು ಬರೀತಾರಲ್ಲ ಭಾವ, ನಿನಗೆ ಬೇಜಾರಾಗುವುದಿಲ್ವಾ?"

ಅವಳು ಬಿದ್ದು ಬಿದ್ದು ನಗಾಡಿದಳು. "ಭಾವ ಎಲ್ಲಿ ಬರೀತಾರೆ ಮಾರಾಯ್ತಿ, ಅವರಿಗೆ ಕನ್ನಡ ಟೈಪು ಬರುವುದಿಲ್ಲ. ಏಳೂ ನಾನೇ ಬರೆದದ್ದು. ಅವರು ಸಹಿ ಹಾಕಿದ್ದು."

ಉಪ್ಪಳ ಎಕ್ಸ್‌ಪ್ರೆಸ್

ನನ್ನ ಮೊದಲ ಉತ್ತರ ವಾಪಸ್ ತೆಗೀತೇನೆ. ನಿರ್ವಾಹಕರೇ ಅಳಿಸಿ.

ನೀರ್ಚಾಲು ಮೇಷ್ಟ್ರು

ಹಾಗಾದರೆ ಆ ಸಾಲನ್ನೂ ಅವರೇ ಬರೆದದ್ದು! ಯಾಕೆ ಎಂದು ಕೇಳಿದಿರಾ?

ಚೆರ್ಕಳದ ತಂಗಿ

ಕೇಳಿದೆ. "ಹಳೇ ವರದಿಗಳಲ್ಲಿ ಹಾಗೇ ಇತ್ತು, ಮಾದರಿ ನೋಡಿ ಬರೆದೆ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಇಂಥದ್ದು ಮಾಡಿದೆ ಅಂತ ನಾನೇ ಹೇಗೆ ಬರೆಯುವುದು" ಅಂದಳು.

ಬೇಳ ಕೊಂಕಣಿ

ಭಾವ ಓದಿಯೇ ಸಹಿ ಹಾಕಿದ್ದಲ್ವಾ? ಏಳು ಸಲ? ಅವರಿಗೆ ಒಮ್ಮೆಯೂ ಕಾಣಲಿಲ್ವಾ? ನನಗೆ ಸಿಟ್ಟು ಬಂದದ್ದು ಅಲ್ಲಿ.

ತೊಕ್ಕೊಟ್ಟು ಅಮ್ಮ

ನಮ್ಮನೆಯಲ್ಲೂ ವರದಿ ನಾನೇ ಬರೆದದ್ದು. ಮಾದರಿ ಎಲ್ಲಿಂದ ಬಂತು ಅಂತ ಕೇಳಿದ್ರೆ, ನನ್ನ ಹಿಂದಿನ ಅಮ್ಮನವರು ಬರೆದದ್ದು ನೋಡಿ.

ಚೆರ್ಕಳದ ತಂಗಿ · ಆದಿತ್ಯವಾರ ಮಧ್ಯಾಹ್ನ 2:30

ಮಾತಾಡಿ ಬಂದೆ. ಹತ್ತು ನಿಮಿಷ ಹೋಗಿ ಇಪ್ಪತ್ತೈದು ಆಯ್ತು. ಜೂಲಿ ಮತ್ತು ಮರಿ ಕಥೆ ಹೇಳುವಾಗ ನಾಲ್ಕೈದು ಮಂದಿ ಕಣ್ಣೊರೆಸಿದ್ರು. ಕಪೆಂಟಾ ಅಂದ್ರೆ ಒಣ ಬೊಳಿಂಜಿರ್ ಇದ್ದ ಹಾಗೆ ಅಂದದ್ದಕ್ಕೆ ಎಲ್ಲರೂ ನಗಾಡಿದ್ರು. ಇಬ್ಬರು ಪೌಲೀನ್‌ರಲ್ಲಿ ನಾನೂ ಒಮ್ಮೆ ತಪ್ಪಿದೆ, ಮೇಷ್ಟ್ರಿಗೆ ಸಮಾಧಾನ ಆಗಲಿ. ವರದಿ ಯಾರು ಬರೀತಾರೆ ಅಂತ ಮಾತ್ರ ಹೇಳಲಿಲ್ಲ, ಅಕ್ಕ ಬೇಡ ಅಂದಿದ್ದಳು.

ಪಾರ್ಸೆಲಿಗೆ ಸಂಘದವರೇ ಇನ್ನೂರು ಹಪ್ಪಳ ಕೊಟ್ರು. @ಪೆರ್ಲ ಪೋಸ್ಟ್, ಎಷ್ಟು ದೊಡ್ಡ ಡಬ್ಬ ಬೇಕಾದೀತು?

ಪೆರ್ಲ ಪೋಸ್ಟ್

ಇನ್ನೂರಾ? ಡಬ್ಬ ಬಿಡಿ, ಬಕೆಟ್ ತೆಗೊಳ್ಳಿ. ಮುಚ್ಚಳ ಇರುವ ಬಣ್ಣದ ಬಕೆಟ್, ಪೈಂಟ್ ಅಂಗಡಿಯಲ್ಲಿ ಕೇಳಿದ್ರೆ ಖಾಲಿ ಸಿಗ್ತದೆ. ಚೆನ್ನಾಗಿ ತೊಳೀರಿ.

ಕಾಪರ್‌ಬೆಲ್ಟ್ ಕುಂಬಳೆ

ಬಕೆಟನ್ನು ಅಲ್ಲಿ ಎಸೀಬೇಡಿ ಅಂತ ಹೇಳಿ. ನಡುರಾತ್ರಿ ಕರೆಂಟ್ ಬಂದಾಗ ನೀರು ತುಂಬಿಸಿಡ್ಲಿಕ್ಕೆ ಆಗ್ತದೆ.